ಬಲಗಾಲಿನ ಅಚ್ಚು

“ಮೇಡಂ, ಇದು ಖಂಡಿತ ಯಾವನೋ ಕುಡುಕಂದು!”

ತರಗತಿಯ ಬಾಯಿಬಡುಕ ಹೀಗೆಂದಾಗ ಶಾಲೆಯ ಹೈಸ್ಕೂಲ್ ವಿಭಾಗದ ಲ್ಯಾಬ್ ಗೊಳ್ಳೆಂದು ನಕ್ಕಿತು. ಪುಟ್ಟಿ ಮಾತ್ರ ನಗಲಿಲ್ಲ. ಅವನು ಬೆರಳು ತೋರಿಸುತ್ತಿದ್ದದ್ದು ಅವಳು ತಂದ ಅಚ್ಚಿನತ್ತ.

ಅಪರಾಧ ಪತ್ತೆಯ ಪಾಠವೆಂದರೆ ಎಲ್ಲರಿಗೂ ಹುಚ್ಚು. ಹಿಂದಿನ ವಾರ ಗಾಜಿನ ಲೋಟದ ಮೇಲಿನ ಬೆರಳಚ್ಚು ತೆಗೆಯಲು ಹೋಗಿ ಮೂಗು, ಅಂಗಿಯೆಲ್ಲ ಕಪ್ಪು ಮಾಡಿಕೊಂಡಿದ್ದರು. ಈ ಸಲ ಹೆಜ್ಜೆಗುರುತು. ಮನೆಯವರೊಬ್ಬರ ಹೆಜ್ಜೆಯಲ್ಲಿ ಪ್ಲಾಸ್ಟರ್ ಸುರಿದು ಅಚ್ಚು ತರಬೇಕು, ಯಾರದೆಂದು ಹೇಳಬಾರದು. ಉಳಿದವರು ಅದನ್ನು ನೋಡಿ ಆಸಾಮಿ ಎಂಥವನೆಂದು ಹೇಳಬೇಕು. ನಲ್ಲಿಯ ಪಕ್ಕದ ಒದ್ದೆ ಮಣ್ಣಿನಲ್ಲಿ ಮೂಡಿದ್ದ ಅಪ್ಪನ ಹೆಜ್ಜೆಗಳನ್ನು ಪುಟ್ಟಿ ಆರಿಸಿಕೊಂಡಿದ್ದಳು. ಒಣಗಿದ ಮೇಲೆ ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ತಂದಿದ್ದಳು. ಎಡಗಾಲಿನದು ಅಚ್ಚುಕಟ್ಟಾಗಿತ್ತು. ಬಲಗಾಲಿನದರಲ್ಲಿ ಹೆಬ್ಬೆರಳ ಮುಂದೆ ಉದ್ದನೆಯ ಉಬ್ಬು ಎದ್ದಿತ್ತು. ತಾನೇ ಕೆಡಿಸಿಬಿಟ್ಟೆನೆಂದು ಅವಳು ಬೈದುಕೊಂಡಿದ್ದಳು.

ಮೇಡಂ ಅದನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರು.

“ಕುಡಿದೋರು ಎರಡೂ ಕಾಲಲ್ಲೂ ಎಡವ್ತಾರೆ ಕಣೋ. ಇಲ್ಲಿ ಎಡಗಾಲು ಸರಿಯಾಗಿದೆ. ಬಲಗಾಲನ್ನ ಎತ್ತೋಕಾಗ್ದೆ ಬೆರಳು ಮಣ್ಣಲ್ಲಿ ಗೀರ್ಕೊಂಡು ಹೋಗಿದೆ. ಅಲ್ಲಿ ತಗ್ಗಾಗಿದ್ದು ಇಲ್ಲಿ ಉಬ್ಬಾಗಿ ಬಂದಿದೆ.” ಅವರ ದನಿ ಇಳಿಯಿತು. “ಇವರನ್ನ ಬೇಗ ಡಾಕ್ಟರಿಗೆ ತೋರಿಸ್ಬೇಕು. ಯಾರದಮ್ಮ ಇದು?”

ಪುಟ್ಟಿಯ ಅಪ್ಪ ಇದೇ ಶಾಲೆಯ ಬಸ್ಸಿನ ಡ್ರೈವರ್. ಬ್ರೇಕ್ ಒತ್ತುವುದು ಬಲಗಾಲಿನಿಂದಲೇ.

“ಅಜ್ಜಂದು,” ಎಂದಳು. ಅಜ್ಜ ತೀರಿಕೊಂಡು ಎಷ್ಟೋ ವರ್ಷಗಳಾಗಿದ್ದವು.

ಸಂಜೆ ಬಸ್ಸಿನಲ್ಲಿ ಅವಳು ಮುಂದಿನ ಸೀಟು ಹಿಡಿದಳು. ಚಿಕ್ಕ ಮಕ್ಕಳು ನೂಕಾಡಿಕೊಂಡು ಹತ್ತುತ್ತಿದ್ದರು. ಅಪ್ಪ ತನ್ನ ಸೀಟಿಗೇರಿ ಬಲತೊಡೆ ತುರಿಸಿಕೊಂಡ. ಹಾಗೆಂದೇ ಅವಳು ಇಷ್ಟು ದಿನ ತಿಳಿದಿದ್ದಳು. ಇವತ್ತು ನೋಡಿದರೆ ಅದು ತುರಿಕೆಯಲ್ಲ. ಕಾಲನ್ನು ಕೈಯಿಂದ ಎತ್ತಿ ಪೆಡಲಿನ ಮೇಲೆ ಇಟ್ಟುಕೊಳ್ಳುತ್ತಿದ್ದ. ಅವಳು ಚೀಲದಿಂದ ಬಲಗಾಲಿನ ಅಚ್ಚು ತೆಗೆದು ಅವನ ಪಕ್ಕ, ಎಂಜಿನ್ನಿನ ಮುಚ್ಚಳದ ಮೇಲಿಟ್ಟಳು.

“ಏನೇ ಇದು?”

“ನಿನ್ನ ಕಾಲು. ಗಾಡಿ ತೆಗೀಬೇಡಪ್ಪ.”

ಅಪ್ಪ ಆ ಉಬ್ಬಿನ ಮೇಲೆ ಬೆರಳಾಡಿಸಿದ. “ಯಾರಿಗಾದ್ರೂ ಹೇಳಿದ್ಯಾ?”

“ಅಜ್ಜಂದು ಅಂದೆ.”

“ಪಾಪ, ಸತ್ತ ಮೇಲೂ ನಮ್ಮಪ್ಪನಿಗೆ ಬಿಡುವಿಲ್ಲ.” ನಗಲು ಹೋದವನ ಮುಖ ಅರ್ಧಕ್ಕೇ ಸಪ್ಪಗಾಯಿತು. “ಸ್ಟೇರಿಂಗ್ ಬಿಟ್ರೆ ನನಗೆ ಬೇರೆ ಏನು ಬರುತ್ತೆ ಪುಟ್ಟಿ?”

ಅವಳು ಅಚ್ಚನ್ನು ಎತ್ತಿ ಮಡಿಲಲ್ಲಿಟ್ಟುಕೊಂಡಳು. ಅಪ್ಪ ತಲೆಯ ಮೇಲಿನ ಕನ್ನಡಿ ನೋಡಿದ. ಒಂದನೇ ಕ್ಲಾಸಿನ ಹುಡುಗಿಯೊಬ್ಬಳು ನೆಲ ಮುಟ್ಟದ ಕಾಲುಗಳನ್ನು ಆಡಿಸುತ್ತ ಕೂತಿದ್ದಳು. ಅವನು ಬಹಳ ಹೊತ್ತು ನೋಡುತ್ತಲೇ ಇದ್ದ. ಆಮೇಲೆ ಬಸ್ಸಿನ ಕೀ ಹೊರಕ್ಕೆಳೆದ.

“ಎಲ್ಲ ಇಳೀರಪ್ಪಾ. ಬೇರೆ ಡ್ರೈವರ್ ಬರ್ತಾರೆ.”

“ಗಾಡಿ ಕೆಟ್ಟಿದ್ಯಾ ಅಂಕಲ್?” ಹಿಂದಿನಿಂದ ಬಾಯಿಬಡುಕ ಕೂಗಿದ.

“ಗಾಡಿ ಚೆನ್ನಾಗೇ ಇದೆ ಕಣೋ.”

ಆಫೀಸು ಮೈದಾನದ ಆ ಕಡೆಗಿತ್ತು. ಅಪ್ಪ ಕೀಯನ್ನು ಮುಷ್ಟಿಯಲ್ಲಿ ಹಿಡಿದು ನಡೆದ. ಈಗ ಕಾಲನ್ನು ಮುಚ್ಚಿಡುವ ಗೋಜಿಗೆ ಹೋಗಲಿಲ್ಲ. ಧೂಳಿನಲ್ಲಿ ಹಿಂದೆ ಗೀರು ಉಳಿಯುತ್ತ ಹೋಯಿತು. ಪುಟ್ಟಿ ತಿರುಗಿ ನೋಡಲಿಲ್ಲ. ಅಚ್ಚನ್ನು ಎದೆಗವಚಿಕೊಂಡು, ಅವನ ಹೆಜ್ಜೆಗೆ ಸರಿಯಾಗಿ ತನ್ನ ಹೆಜ್ಜೆ ನಿಧಾನ ಮಾಡಿಕೊಂಡಳು.