ಗೇರ್ ಹುಡುಕುವ ಕೈ

ಠಪ್ ಅಂತ ಮತ್ತೆ ಬಾಗಿಲಿಗೇ ಬಡಿಯಿತು ಆ ಎಡಗೈ, ಅಲ್ಲಲ್ಲ ಕಣೋ, ಈ ಕಡೆ, ಗೇರ್ ಇರೋದು ನನ್ನ ಮೊಣಕಾಲ ಹತ್ತಿರ, ಎಂದು ಹೆಸ್ಟರ್ ಬಾಯಿಬಿಟ್ಟು ಹೇಳಲಿಲ್ಲ, ಹೇಳಬಾರದು, ಹೇಳಿದರೆ ಅವನಿಗೆ ಗೊತ್ತಾಗಿಬಿಡುತ್ತದೆ ನಾನು ನೋಡುತ್ತಿದ್ದೇನೆ ಅಂತ, ಅವಳು ಕಿಟಕಿಯಾಚೆ ತಿರುಗಿದಳು, ರಸ್ತೆಯ ಅಂಚಿಗೆ ಕಟ್ಟೆಯಿಲ್ಲ, ಒಂದಷ್ಟು ಒಣಹುಲ್ಲು, ಆಮೇಲೆ ಏನೂ ಇಲ್ಲ, ಆ ಏನೂ ಇಲ್ಲದ್ದರ ತಳದಲ್ಲಿ ಸಮುದ್ರ — ಮೊದಲ ದಿನ ಎಲ್ಲರೂ ನಕ್ಕಿದ್ದರು, ಹಿಂದಿನ ಸೀಟಿನಲ್ಲಿ ಮಗಳು ಬ್ರಯೊನಿ, ಮೊಮ್ಮಗಳು ಟಿಲ್ಲಿ, ಕಾರು ಓಡಿಸುತ್ತಿದ್ದ ಗಂಡ ಡೆಸ್ಮಂಡ್ ತಾನೂ ನಕ್ಕಿದ್ದ, ಬಾಡಿಗೆ ಕಾರಿನ ಗೆರಾಸಿಮೋಸ್ ಕೀಲಿ ಕೊಡುವಾಗಲೇ ಎಚ್ಚರಿಸಿದ್ದ, ನಮ್ಮ ದ್ವೀಪದಲ್ಲಿ ಸ್ಟೀರಿಂಗ್ ಎಡಕ್ಕೆ, ಗೇರ್ ಬಲಕ್ಕೆ, ನೀವು ಇಂಗ್ಲೆಂಡಿನೋರು ಮೊದಲ್ನೇ ದಿನ ನನ್ನ ಬಾಗಿಲಿಗೆ ಹೊಡೆದೇ ಹೊಡೀತೀರಾ, ಎರಡನೇ ದಿನ ಕೈಗೆ ಬುದ್ಧಿ ಬರುತ್ತೆ, ಅಲ್ಲೀ ತನಕ ಪಾಪ ನನ್ನ ಬಾಗಿಲು. ಎರಡನೆಯ ದಿನ ಬಂತು, ಹೋಯಿತು. ಮೂರನೆಯದೂ ಹೋಯಿತು, ಟಿಲ್ಲಿಗೆ ಮಾತ್ರ ಇನ್ನೂ ನಗು, ತಾತ ಮತ್ತೆ ಬಾಗಿಲಿಗೆ ಹೊಡೆದ, ಬ್ರಯೊನಿಯೂ ನಗುತ್ತಾಳೆ, ಅಪ್ಪಾ ಆ ಬಾಗಿಲು ನಿಂಗೇನು ಮಾಡಿದೆ ಅಂತ. ಮಗಳೇ, ಮೂವತ್ತು ವರ್ಷ ಹ್ಯಾಲಿಫ್ಯಾಕ್ಸಿನ ಏರು ರಸ್ತೆಗಳಲ್ಲಿ ಡಬಲ್ ಡೆಕರ್ ಬಸ್ಸು ಓಡಿಸಿದ ಕೈ ಅದು, ಮಂಜಿನಲ್ಲಿ, ಹಿಮದಲ್ಲಿ, ಒಂದು ಸಲವೂ ಕಣ್ಣು ಕೆಳಗೆ ಹಾಕದೆ ಗೇರ್ ಹಿಡಿದ ಕೈ, ಇಂಥ ಕೈಗೆ ಹೊಸ ಕಾರು ಕಲಿಯಲು ಒಂದು ಗಂಟೆ ಸಾಕಿತ್ತು. ಇವತ್ತು ಬೆಳಿಗ್ಗೆ ಕೀಲಿ ಜೇನುತುಪ್ಪದ ಬಟ್ಟಲ ಪಕ್ಕದಲ್ಲೇ ಇತ್ತು, ಇವತ್ತು ನಾನೇ ಓಡಿಸ್ತೀನಿ ಡೆಸ್, ಎಂದು ಹೇಳಬೇಕೆಂದು ರಾತ್ರಿಯೆಲ್ಲ ಮನಸ್ಸಿನಲ್ಲೇ ಹೇಳಿಕೊಂಡಿದ್ದಳು, ಕೈ ಚಾಚಿದ್ದಳು ಕೂಡ, ಅಷ್ಟರಲ್ಲಿ ಅವನು ಕೀಲಿ ಎತ್ತಿ ಬೆರಳಿಗೆ ಸಿಕ್ಕಿಸಿ ತಿರುಗಿಸುತ್ತ, ಹತ್ತಿ ಹತ್ತಿ ಬಂದರಿಗೆ ಬಸ್ ಹೊರಡ್ತು ಅಂದ, ಟಿಲ್ಲಿ ಕುಣಿದುಕೊಂಡು ಓಡಿದಳು, ಹೆಸ್ಟರಳ ಚಾಚಿದ ಕೈ ಜೇನಿನ ಬಟ್ಟಲನ್ನು ಸುಮ್ಮನೆ ಪಕ್ಕಕ್ಕೆ ಸರಿಸಿತು.

ಹೇಡಿ ನಾನು, ಹೇಡಿಯೇ, ಇಲ್ಲದಿದ್ದರೆ ಫೆಬ್ರವರಿಯಲ್ಲೇ ಮಗಳಿಗೆ ಹೇಳುತ್ತಿದ್ದೆ — ಬ್ರೆಡ್ ತರಲು ಹೋದವನು ಮಧ್ಯಾಹ್ನ ದಾಟಿದ ಮೇಲೆ ಬಂದಿದ್ದ, ಬ್ರೆಡ್ ಇಲ್ಲದೆ, ಟ್ರಾಫಿಕ್ಕು ಅಂದ, ಸಂಜೆ ಪಕ್ಕದ ಮನೆಯ ಮಿಸೆಸ್ ಅಕ್ರಾಯ್ಡ್ ಬೇಲಿಯ ಮೇಲಿಂದ ದನಿ ತಗ್ಗಿಸಿ, ನಿಮ್ಮೋರನ್ನ ನೋಡ್ದೆ ಹೆಸ್ಟರ್, ಕಾರಲ್ಲಿ ಒಬ್ರೇ, ಬಸ್ ಸ್ಟಾಪ್ ಬಂದಲ್ಲೆಲ್ಲ ನಿಲ್ಲಿಸ್ತಿದ್ರು, ಸ್ವಲ್ಪ ಹೊತ್ತು ಕಾಯೋದು, ಆಮೇಲೆ ಮುಂದಕ್ಕೆ ಹೋಗೋದು. ಬ್ರಯೊನಿಗೆ ಆಗ ತಾನೇ ಗಂಡ ಬಿಟ್ಟು ಹೋಗಿದ್ದ, ಇದೂ ಒಂದು ಅವಳ ತಲೆಗೆ ಯಾಕೆ ಅಂತ ಸುಮ್ಮನಾದೆ, ಅದು ನೆಪ, ನನಗೇ ಕೇಳಿಸಿಕೊಳ್ಳಲು ಧೈರ್ಯವಿರಲಿಲ್ಲ ಅಷ್ಟೇ. ಗೆರಾಸಿಮೋಸನ ಮೇಜಿನ ಹತ್ತಿರ ಮಾತ್ರ ಧೈರ್ಯ ಎಲ್ಲಿಂದಲೋ ಬಂತು, ಡೆಸ್ ಹೊರಗೆ ಟೈರುಗಳನ್ನು ಒದ್ದು ನೋಡುತ್ತಿದ್ದಾಗ, ಓಡಿಸೋರ ಪಟ್ಟೀಲಿ ನನ್ನ ಹೆಸರೂ ಸೇರಿಸಿ ಅಂದಿದ್ದಳು, ಆತ ಹುಬ್ಬೇರಿಸಿ ಬರೆದುಕೊಂಡ. ಓಡಿಸಲು ಬರುತ್ತದೆಯೇ ಅಂದರೆ ಬರುತ್ತದೆ, ತರಕಾರಿ ಅಂಗಡಿವರೆಗೆ, ಡೆಸ್ ಪಕ್ಕದಲ್ಲಿ ಇಲ್ಲದಿದ್ದರೆ, ಇದ್ದರೆ ನಿನ್ನ ಕ್ಲಚ್ಚು ಅಳ್ತಿದೆ ನೋಡು ಅಂತ ಶುರುಮಾಡುತ್ತಾನೆ — ಮೇಕೆಗಳು, ರಸ್ತೆ ತುಂಬ ಮೇಕೆಗಳು, ಡೆಸ್ ಮೆಲ್ಲಗೆ ಬ್ರೇಕ್ ಒತ್ತಿದ, ಎಷ್ಟು ಚೆನ್ನಾಗಿ ಒತ್ತುತ್ತಾನೆ, ಟಿಲ್ಲಿಯ ಮಡಿಲಿನ ಪೀಚ್ ಹಣ್ಣು ಕೂಡ ಉರುಳಲಿಲ್ಲ, ನೋಡು, ಸರಿಯಾಗೇ ಇದ್ದಾನೆ, ನಾನೇ ಇಲ್ಲದ್ದನ್ನು ಕಾಣುತ್ತಿದ್ದೇನೆ, ಹೌದು, ಹಾಗೇ ಇರಬೇಕು, ಮೇಕೆಗಳು ಸರಿದವು, ಠಪ್.

ಮುಂದಿನ ತಿರುವಿನಲ್ಲಿ ಕಂಬದ ಮೇಲೊಂದು ಪುಟ್ಟ ಗುಡಿ, ತಗಡಿನದು, ಗಾಜಿನ ಬಾಗಿಲು, ಒಳಗೆ ಸಂತನ ಪಟದ ಮುಂದೆ ಎಣ್ಣೆಯ ದೀಪ, ಈ ದ್ವೀಪದಲ್ಲಿ ತಿರುವಿಗೊಂದು ಇಂಥದ್ದಿದೆ, ಅಲ್ಲಿ ಯಾರೋ ಸತ್ತಿರುತ್ತಾರೆ, ಇಲ್ಲವೇ ಸಾಯದೆ ಉಳಿದಿರುತ್ತಾರೆ, ಮನೆಯವರು ಕಟ್ಟಿಸುತ್ತಾರೆ, ಕಪ್ಪುಡುಗೆಯ ಮುದುಕಿಯೊಬ್ಬಳು ಅದರ ಪಕ್ಕ ಎಣ್ಣೆಯ ಶೀಷೆ ಹಿಡಿದು ನಿಂತಿದ್ದಳು, ಡೆಸ್ ಯಾಕೆ ಇಂಡಿಕೇಟರ್ ಹಾಕಿದ, ಟಿಕ್ ಟಿಕ್, ಯಾಕೆ ನಿಧಾನ ಮಾಡುತ್ತಿದ್ದಾನೆ, ಅಂಚಿಗೆ ಒತ್ತಿ, ಕಂಬಕ್ಕೆ ಸರಿಯಾಗಿ ನಿಲ್ಲಿಸಿ, ಹೆಸ್ಟರಳ ಮೈಮೇಲಿಂದ ಕಿಟಕಿಯತ್ತ ಬಗ್ಗಿ, ಊರೊಳಕ್ಕಾ ಅಮ್ಮಾ, ಹತ್ತಿ, ಜಾಗ ಇದೆ. ಅದೇ ದನಿ, ಮೂವತ್ತು ವರ್ಷದ ದನಿ. ಮುದುಕಿಗೆ ಭಾಷೆ ಅರ್ಥವಾಗದಿದ್ದರೂ ಕರೆದದ್ದು ಅರ್ಥವಾಯಿತು, ಸಲೀಸಾಗಿ ಹಿಂದಿನ ಬಾಗಿಲು ತೆಗೆದು ಟಿಲ್ಲಿಯನ್ನು ಸೊಂಟದಿಂದ ಸರಿಸಿ ಕುಳಿತಳು, ಎಣ್ಣೆಯ ವಾಸನೆ, ಕರ್ಪೂರದ ವಾಸನೆ, ಬ್ರಯೊನಿಗೆ ನಗು ತಡೆಯಲಾಗುತ್ತಿಲ್ಲ, ಅಪ್ಪಾ ನೀನೊಬ್ಬ, ಹೆಸ್ಟರ್ ಕಿಟಕಿಯಾಚೆ ನೋಡಿದಳು, ಕಂಬ, ಕಂಬದ ಪಕ್ಕ ಕಾಯುವ ಹೆಂಗಸು, ಸ್ಟಾಪು, ಅವನಿಗೆ ಅದು ಸ್ಟಾಪು. ಬಿಗಿಯಾಗಿ ಹಿಡ್ಕೊಳ್ಳಿ ಅಂದ ಹಿಂದಕ್ಕೆ, ಖುಷಿಯಲ್ಲಿದ್ದ, ತಿಂಗಳುಗಳಿಂದ ಅವನನ್ನು ಇಷ್ಟು ಖುಷಿಯಲ್ಲಿ ಕಂಡಿರಲಿಲ್ಲ, ಕಾರು ಹೊರಟಿತು, ಎಡಕ್ಕೆ, ಎಡಕ್ಕೇ ಹೋಯಿತು, ನಮ್ಮೂರಿನ ಹಾಗೆ ರಸ್ತೆಯ ಎಡಮಗ್ಗುಲಿಗೆ, ಇಲ್ಲಿ ಎಲ್ಲರೂ ಬಲಕ್ಕೆ, ಈಗ ಹೇಳು ಹೆಸ್ಟರ್, ಈಗ, ತಿರುವಿನಿಂದ ಲಾರಿ, ಮೂತಿ ಮಾತ್ರ, ಕೆಂಪು ಮೂತಿ, ಹಾರನ್, ಬಲಕ್ಕೆ ಡೆಸ್, ಅಂತ ಕೂಗಿದ್ದು ನಾನೇ, ಅವಳ ಕೈ ಸ್ಟೀರಿಂಗ್ ಮೇಲಿತ್ತು, ಅವನ ಕೈಯ ಮೇಲೆ, ಎಳೆದಳು, ಲಾರಿಯ ಗಾಳಿ ಕಾರನ್ನು ಅಲ್ಲಾಡಿಸಿ ಹೋಯಿತು, ಪೀಚ್ ಹಣ್ಣು ಎಲ್ಲೋ ಉರುಳಿತು. ಹಿಂದೆ ಮುದುಕಿ ಎದೆಯ ಮೇಲೆ ಶಿಲುಬೆ ಬರೆದುಕೊಂಡಳು, ಮತ್ತೆ ಮತ್ತೆ ಬರೆದುಕೊಂಡಳು.

ಊರು ಹತ್ತಿರವೇ ಇತ್ತು, ನಾಲ್ಕಾರು ಮನೆ, ಒಂದು ದೊಡ್ಡ ಮರ, ಅದರಡಿ ಕಾಫಿ ಕುಡಿಯುವ ಮುದುಕರು, ಮುದುಕಿ ಇಳಿದಳು, ಜೇಬಿನಿಂದ ಸಕ್ಕರೆ ಬಾದಾಮಿ ತೆಗೆದು ಟಿಲ್ಲಿಯ ಕೈಗೆ ಹಾಕಿ, ಕಿಟಕಿಯಿಂದ ಹೆಸ್ಟರಳ ಭುಜವನ್ನು ಒಮ್ಮೆ ಗಟ್ಟಿಯಾಗಿ ಹಿಡಿದು, ಏನೋ ಅಂದು ಹೋದಳು. ಎಂಜಿನ್ ಆರಿತ್ತು. ಡೆಸ್ ಕನ್ನಡಿಯಲ್ಲಿ ಅವಳು ಹೋಗುವುದನ್ನೇ ನೋಡುತ್ತಿದ್ದ, ಟಿಕೆಟ್ ತಗೊಂಡ್ರಾ ಅವ್ರು, ಅಂದ. ಬ್ರಯೊನಿ ನಕ್ಕಳು, ಒಬ್ಬಳೇ ನಕ್ಕಳು, ಆಮೇಲೆ ನಗು ನಿಂತಿತು, ಅಮ್ಮಾ, ಅಂದಳು, ಅಷ್ಟೇ, ಆ ಒಂದು ಮಾತಿನಲ್ಲಿ ಫೆಬ್ರವರಿಯಿಂದ ಬಚ್ಚಿಟ್ಟದ್ದೆಲ್ಲ ಹೊರಗೆ ಬಿದ್ದಿತ್ತು, ಹಿಂದಿರುಗಿ ನೋಡುವುದು ಬೇಡ, ನೋಡಿದರೆ ಇಬ್ಬರೂ ಅತ್ತುಬಿಡುತ್ತೇವೆ. ಡೆಸ್ ಎರಡೂ ಕೈಗಳನ್ನು ತೊಡೆಯ ಮೇಲೆ ಮಗುಚಿಟ್ಟುಕೊಂಡು ನೋಡುತ್ತಿದ್ದ, ಯಾಕೋ ಗೊತ್ತಿಲ್ಲ ಹೆಸ್, ಈ ಕೈ ನನ್ನ ಮಾತು ಕೇಳ್ತಿಲ್ಲ. ಅವನಿಗೆ ಗೊತ್ತಿತ್ತು, ದೇವರೇ, ಅವನಿಗೂ ಗೊತ್ತಿತ್ತು, ನಾನು ಅವನಿಂದ ಮುಚ್ಚಿಟ್ಟೆ, ಅವನು ನನ್ನಿಂದ, ಒಂದೇ ಹಾಸಿಗೆಯಲ್ಲಿ ಮಲಗಿ. ಅವಳು ಕಾರು ಸುತ್ತಿ ಬಂದು ಅವನ ಕಡೆಯ ಬಾಗಿಲು ತೆಗೆದಳು, ಏಳು, ಆ ಕಡೆ ಕೂತ್ಕೋ, ಬಂದರಿನವರೆಗೆ ನಾನು ಓಡಿಸ್ತೀನಿ, ನೀನು ಹೇಳ್ಕೊಡು. ನಿನ್ನ ಕ್ಲಚ್ಚು ಅಳುತ್ತೆ ಅಂದ. ಅಳ್ಲಿ ಬಿಡು ಅಂದಳು. ಅವನು ಎದ್ದು, ಬಾನೆಟ್ ಮೇಲೆ ಕೈ ಊರಿಕೊಂಡು ಸುತ್ತು ಹಾಕಿ ಅವಳ ಸೀಟಿಗೆ ಬಂದ.

ಸೀಟು ಅವನ ಬಿಸಿ ಇಟ್ಟುಕೊಂಡಿದೆ, ಕಾಲಿಗೆ ಪೆಡಲ್ ಎಟುಕುತ್ತಿಲ್ಲ, ಮುಂದಕ್ಕೆ ಎಳೆದುಕೊಂಡಳು, ಮರದಡಿಯ ಮುದುಕರು ಕಾಫಿ ಬಿಟ್ಟು ನೋಡುತ್ತಿದ್ದಾರೆ, ನೋಡಲಿ, ಕೀಲಿ ತಿರುಗಿಸಿದಳು, ಬಲಗಡೆ ಹೋಗಬೇಕು, ಬಲಗಡೆ, ಬಲಗಡೆ, ಇಳಿಜಾರು ಕೆಳಗೆ ಮಡಿಕೆ ಮಡಿಕೆಯಾಗಿ ಬಿದ್ದಿದೆ, ತುದಿಯಲ್ಲಿ ಬಂದರು, ಕ್ಲಚ್ ಒತ್ತಿದಳು, ಗೇರ್, ಗೇರ್ ಎಲ್ಲಿ — ಠಪ್, ಅವಳದೇ ಎಡಗೈ ಬಾಗಿಲಿಗೆ ಬಡಿಯಿತು, ಅಜ್ಜೀನೂ ಹೊಡೆದ್ಲು ಎಂದು ಟಿಲ್ಲಿ, ಬ್ರಯೊನಿ ಶ್ ಅಂದಳು, ಹೆಸ್ಟರ್ ಕೈಯನ್ನು ಬಾಗಿಲಿನಿಂದ ತೆಗೆಯುವ ಮೊದಲೇ ಗೇರ್ ಬಿತ್ತು, ಮೊದಲನೆಯದು, ಸದ್ದಿಲ್ಲದೆ, ಬೆಣ್ಣೆಯೊಳಗೆ ಚಾಕು ಇಳಿದ ಹಾಗೆ. ಡೆಸ್ ಮುಂದಿನ ರಸ್ತೆಯನ್ನೇ ನೋಡುತ್ತಿದ್ದಾನೆ, ಕೆಳಗೆ ನೋಡಿಲ್ಲ, ಈಗ ಬಿಡು, ಮೆಲ್ಲಗೆ, ಅಂದ. ಬಿಟ್ಟಳು. ಕಾರು ಹೊರಟಿತು, ಕ್ಲಚ್ಚು ಅಳಲಿಲ್ಲ, ಮೊದಲ ತಿರುವು, ಒತ್ತು ಅಂದ, ಒತ್ತಿದಳು, ಎರಡನೆಯದು ಬಿತ್ತು, ಅವಳು ಒತ್ತಿದಾಗಲೆಲ್ಲ ಬೀಳುತ್ತದೆ, ಈ ಸೀಟಿನಲ್ಲಿ ಗೇರ್ ಅವನ ಎಡಕ್ಕಿದೆ, ಮೂವತ್ತು ವರ್ಷ ಇದ್ದಲ್ಲೇ ಇದೆ, ಎಷ್ಟು ದಿನ, ಬಂದರಿನವರೆಗೆ, ಆಮೇಲೆ, ಆಮೇಲಿನದು ಆಮೇಲೆ, ಒತ್ತು, ಒತ್ತಿದೆ, ಕಣ್ಣಂಚಿನಲ್ಲಿ ಆ ಕೈ, ಗೇರಿನ ಮೇಲೆ ಆ ಎಡಗೈ.