ಗಡೀಪಾರು

ಸಿಂಕಿನ ಕೆಳಗೆ ಬೋನು ಟಪ್ಪೆಂದಾಗ ಶಂಭುಲಿಂಗಪ್ಪನವರು ಲಿಂಗಪೂಜೆ ಮುಗಿಸಿ ವಿಭೂತಿಗಟ್ಟಿ ಎತ್ತಿಡುತ್ತಿದ್ದರು. ಬಗ್ಗಿ ನೋಡಿದರೆ ಕೊಬ್ಬರಿ ಚೂರಿನ ಪಕ್ಕದಲ್ಲಿ ಇನ್ನೊಂದು ಇಲಿ. ಬಸವೇಶ್ವರನಗರದ ಆ ಮನೆಯಲ್ಲಿ ಇಲಿಗೆ ಮರಣದಂಡನೆಯಿಲ್ಲ, ಗಡೀಪಾರು ಮಾತ್ರ. ಬೋನನ್ನು ಸ್ಕೂಟರಿಗೆ ನೇತುಹಾಕಿಕೊಂಡು ಹೋಗಿ ಕುರುಬರಹಳ್ಳಿಯ ಒಂದು ಖಾಲಿ ಸೈಟಿನಲ್ಲಿ ಬಿಟ್ಟು ಬರುವುದು ಅವರ ಪದ್ಧತಿ. ಜೀವ ಉಳಿಸಿದ ತೃಪ್ತಿಗೆ ವಾಪಸು ಬರುವಾಗ ದರ್ಶಿನಿಯಲ್ಲಿ ಒಂದು ಕಾಫಿಯೂ ಆಗುತ್ತಿತ್ತು.

"ಅಪ್ಪಾಜಿ, ಎಷ್ಟು ಸಲ ಹೇಳ್ಲಿ?" ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳುವ ಮಗಳು ವಚನಾ ಟಿಫನ್ ಬಾಕ್ಸ್ ಮುಚ್ಚುತ್ತಾ ಸಿಡುಕಿದಳು. "ಒಂದನ್ನ ಸಾಗಿಸಿದ್ರೆ ಆ ಜಾಗಕ್ಕೆ ಇನ್ನೊಂದು ಬರತ್ತೆ. ತಿನ್ನೋಕೆ ಎಷ್ಟು ಸಿಗತ್ತೋ ಅಷ್ಟು ಇಲಿ ಇದ್ದೇ ಇರ್ತವೆ. ಮೊದ್ಲು ಹಿತ್ತಲಿನ ಕಸದ ಬಕೆಟ್‌ಗೆ ಮುಚ್ಚಳ ಹಾಕಿ. ಬೀದಿ ಬೆಕ್ಕುಗಳನ್ನೆಲ್ಲ ಓಡಿಸಿದ್ದೂ ನೀವೇ."

"ಪಾಠ ಕಾಲೇಜಲ್ಲಿ ಮಾಡಮ್ಮ. ಆ ಸೈಟಲ್ಲಿ ಯಾರಿದಾರೆ? ಬರೀ ಗಿಡಗಂಟಿ, ಕಸ," ಎಂದು ಅವರು ಹೆಲ್ಮೆಟ್ ಹಾಕಿಕೊಂಡರು.

ಗೇಟಿನಲ್ಲಿ ಮನೆಗೆಲಸದ ಪಾರವ್ವ ಎದುರಾದಳು. ಎರಡು ದಿನದಿಂದ ಬಂದಿರಲಿಲ್ಲ. ಕಂಕುಳಲ್ಲಿ ಕೂಸು, ಅದರ ಕಾಲಿಗೆ ದಪ್ಪ ಬ್ಯಾಂಡೇಜು.

"ಇವತ್ತೂ ಬರಾಂಗಿಲ್ರಿ ಸರ, ಹೇಳಿ ಹೋಗೂಣಂತ ಬಂದೆ. ಮೊನ್ನಿ ಮಲಗಿದ್ದಾಗ ಕೂಸಿನ ಕಾಲಬೆರಳ ಇಲಿ ಕಡದೈತ್ರಿ. ಈಗ ಮೈ ಸುಡಾಕತ್ತೈತಿ. ದೊಡ್ಡ ದವಾಖಾನಿಗೆ ಒಯ್ಯಿರಿ ಅಂದಾರ."

"ಅಯ್ಯೋ! ಎಲ್ಲಿದೆಯಮ್ಮಾ ನಿನ್ ಮನೆ?"

"ಕುರುಬರಹಳ್ಳ್ಯಾಗ್ರಿ. ಕಟ್ಟಾಕತ್ತಿದ ಬಿಲ್ಡಿಂಗ್ ಕಾಯ್ತಾರ ನಮ್ಮವರು. ಬಾಜೂಕ ಖಾಲಿ ಸೈಟ್ ಐತಲ್ರಿ, ಅದರ ಹಿಂದ ನಮ್ಮ ತಗಡಿನ ಶೆಡ್ಡು. ಯಾರೋ ಸ್ಕೂಟರ್‌ನ್ಯಾಗ ಇಲಿ ತಂದು ಬಿಟ್ಟು ಹೋಗ್ತಾರಂತ್ರಿ."

ಶಂಭುಲಿಂಗಪ್ಪನವರು ಇಷ್ಟು ಕಾಲದಿಂದ ಮನೆಗೆ ಬರುವ ಹೆಂಗಸು ಎಲ್ಲಿ ಮಲಗುತ್ತಾಳೆಂದು ಒಮ್ಮೆಯೂ ಕೇಳಿರಲಿಲ್ಲ. ಕೂಸು ಅಳುತ್ತಲೂ ಇರಲಿಲ್ಲ, ಬಾಯಿ ತೆರೆದುಕೊಂಡು ಅವರನ್ನೇ ನೋಡುತ್ತಿತ್ತು.

"ನಾನೇ ಬಿಡ್ತಿದ್ದಿದ್ದು, ಪಾರವ್ವ," ಎಂದರು.

ಪಾರವ್ವ ಸೆರಗಿನಿಂದ ಕೂಸಿನ ಕಾಲು ಮುಚ್ಚಿದಳು. ಸ್ಕೂಟರಿನ ಕೊಕ್ಕೆಯಲ್ಲಿ ತೂಗುತ್ತಿದ್ದ ಬೋನು ಅವಳ ಕಣ್ಣಿಗೆ ಬಿದ್ದದ್ದು ಆಗ.

"ಇದನ್ನ ಎಲ್ಲಿ ಬಿಡ್ತೀರಿ ಸರ?"

ವಚನಾ ಓಡಿ ಬಂದು ಆಟೋ ಹಿಡಿದಳು. ತಾಯಿಯನ್ನೂ ಕೂಸನ್ನೂ ಕೂರಿಸಿಕೊಂಡು ಆಸ್ಪತ್ರೆಗೆ ಹೊರಟಳು. ಶಂಭುಲಿಂಗಪ್ಪನವರು ಹೆಲ್ಮೆಟ್ಟನ್ನೂ ತೆಗೆಯದೆ ಸ್ಕೂಟರಿನ ಪಕ್ಕ ನಿಂತೇ ಇದ್ದರು. ಬೋನಿನೊಳಗೆ ಇಲಿ ಮುಂಗಾಲುಗಳಲ್ಲಿ ಕೊಬ್ಬರಿ ಹಿಡಿದು ತಿನ್ನತೊಡಗಿತ್ತು.