ಒಂದೇ ಬ್ಯಾಟರಿ

ರೈಸ್‌ಮಿಲ್ಲಿನ ಇಬ್ಬರು ಹಮಾಲರು ಗಿಟಾರಿನ ಪೆಡಲುಗಳ ಹಲಗೆಯನ್ನು ಹೊಸ್ತಿಲು ದಾಟಿಸುವಷ್ಟರಲ್ಲಿ ಹೇಮಾವತಿ ಎದ್ದು ಬಂದು ಅದರ ತುದಿ ಹಿಡಿದಳು. ಅಲ್ಲಿಯವರೆಗೆ ಅವಳು ಗಂಡನ ಮಗ್ಗುಲಲ್ಲೇ ಕೂತಿದ್ದಳು. ವೀರೇಶನನ್ನು ಗೋಡೆಗೆ ಒರಗಿಸಿ ಕೂರಿಸಿ, ಹಣೆಗೆ ವಿಭೂತಿ ಬಳಿದು, ಕೊರಳಿಗೆ ಹೂವು ಹಾಕಿದ್ದರು.

"ಕೆಳಗ ಇಡ್ರಿ," ಅಂದಳು.

ಹಮಾಲರು ಕೊಟ್ರಬಸಪ್ಪನ ಮುಖ ನೋಡಿದರು. ಕಂಪ್ಲಿಯಲ್ಲಿ ಮಿಲ್ಲು ಇಟ್ಟಿರುವ ಕೊಟ್ರಬಸಪ್ಪ ಸತ್ತವನ ಅಣ್ಣ. ಚಿತ್ತವಾಡ್ಗಿಯ ಈ ಮನೆಗೆ ಅವನು ಕಾಲಿಟ್ಟು ಐದು ವರ್ಷವಾಗಿತ್ತು. ಸುದ್ದಿ ಮುಟ್ಟಿದ್ದೇ ತಡ, ಬಂದು ಎಲ್ಲ ಕೈಗೆತ್ತಿಕೊಂಡಿದ್ದ. ಟ್ರ್ಯಾಕ್ಟರು, ಹೆಣ ಒಯ್ಯುವ ಹೂವಿನ ವಿಮಾನ, ಅಯ್ಯನವರು, ಭಜನೆಯವರು, ಯಾವುದರಲ್ಲೂ ಕೊರತೆ ಹುಡುಕುವಂತಿರಲಿಲ್ಲ.

"ಅವನ ಸಾಮಾನು ಅವನ ಜೊತಿಗೇ ಹೋಗ್ಲಿ, ಹೇಮವ್ವ. ನಮ್ಮಪ್ಪನ ಕುಣ್ಯಾಗ ಎಲಿ ಅಡಿಕಿ ಚೀಲ ಇಟ್ಟಿಲ್ಲೇನು? ಇದೂ ಹಂಗ."

"ಆ ಚೀಲ ಆಮ್ಯಾಲ ಯಾರಿಗೂ ಬೇಕಾಗಿರ್ಲಿಲ್ಲ, ಭಾವಾರ. ಇದು ಬೇಕು."

"ಯಾರಿಗೆ?"

"ಕಾವ್ಯಾಗ."

ಕೂತವರೆಲ್ಲ ಕಾವ್ಯಳ ಕಡೆ ತಿರುಗಿದರು. ಬಿ.ಕಾಂ. ಓದುವ ಹುಡುಗಿ ಅಪ್ಪನ ಗಿಟಾರನ್ನು ಬಗಲಲ್ಲಿ ಅವುಚಿಕೊಂಡು ಬಾಗಿಲ ಸಂದಿಯಲ್ಲಿ ನಿಂತಿದ್ದಳು. ಅತ್ತು ಅತ್ತು ಮುಖ ಊದಿತ್ತು. ಗಿಟಾರು ಮಾತ್ರ ಬಿಟ್ಟಿರಲಿಲ್ಲ.

"ಅದಕ್ಕ ಹೇಳೋದು ನಾನು," ಅಂದ ಕೊಟ್ರಬಸಪ್ಪ. ದನಿ ಎತ್ತಲಿಲ್ಲ. "ಗಂಡಸು ಬಾರಿಸಿದ್ದಕ್ಕ ಇಷ್ಟು ಮಾತು ಕೇಳಿದ್ವಿ. ತಂದಿ ಇಲ್ಲದ ಹುಡುಗಿ ಸ್ಟೇಜ್ ಹತ್ತಿದ್ರ ನಾಳೆ ಯಾರು ಬಂದು ಹೆಣ್ಣು ಕೇಳ್ತಾರ? ಇನ್ನ ಮ್ಯಾಲ ಅವಳ ಜವಾಬ್ದಾರಿ ನಂದು. ಗಿಟಾರು, ಹಲಿಗಿ, ಎರಡೂ ಕುಣ್ಯಾಗ ಇಟ್ಟುಬಿಡಾಣ. ಅಲ್ಲಿಗೆ ಮುಗೀತು."

ಅವನು ಕೆಟ್ಟವನಲ್ಲ. ಹೇಮಾವತಿಗೆ ಸಿಟ್ಟು ಬಂದದ್ದೂ ಅದಕ್ಕೇ. ಕೆಟ್ಟವನಾಗಿದ್ದರೆ ಒಂದು ಬೈಗುಳದಲ್ಲಿ ಮುಗಿಸಬಹುದಿತ್ತು.

ಹಲಗೆಯ ಮೇಲೆ ತಗಡಿನ ಮೂರು ಡಬ್ಬಿಗಳು, ಒಂದೊಂದೂ ಅಂಗೈಯಗಲ. ಕಾಲಲ್ಲಿ ಒತ್ತಿದರೆ ಗಿಟಾರಿನ ದನಿ ಬದಲಿಸುವ ಪೆಡಲುಗಳು. ನೀಲಿಯದು ದನಿಯನ್ನು ಅಲೆಅಲೆಯಾಗಿ ಬಿಡುತ್ತಿತ್ತು. ಬಿಳಿಯದು ಬಾರಿಸಿದ್ದನ್ನೇ ತಿರುಗಿ ತಿರುಗಿ ಹೇಳುತ್ತಿತ್ತು. ಕಿತ್ತಳೆ ಬಣ್ಣದ್ದು ಅರಚುತ್ತಿತ್ತು.

"ಇಡ್ರಿ ಅಂದ್ನೆಲ್ಲಾ," ಅಂದಳು ಹೇಮಾವತಿ. ಹಮಾಲರು ಇಟ್ಟರು.

*

ಐದಾರು ವರ್ಷದ ಹಿಂದೆ, ಅದಿರಿನ ಲಾರಿಗಳು ಹೊಸಪೇಟೆಯಲ್ಲಿ ಆಗಷ್ಟೇ ಸಾಲುಗಟ್ಟತೊಡಗಿದ್ದವು. ಗಣಿಯವರ ಮನೆಯಲ್ಲಿ ಕೂಸಿಗೆ ಹೆಸರಿಟ್ಟರೂ ಆರ್ಕೆಸ್ಟ್ರಾ ಬೇಕು ಅನ್ನುವ ಕಾಲ. ವೀರೇಶ ಹೆಂಡತಿಯನ್ನು ಕರೆದುಕೊಂಡು ಬೆಂಗಳೂರಿನ ಅಂಗಡಿಗೆ ಹೋದ. ಅಂಗಡಿಯವನು ಮೊಳದುದ್ದದ ಒಂದು ಯಂತ್ರ ತಂದಿಟ್ಟ.

"ಇದರಲ್ಲಿ ನೂರು ಸೌಂಡ್ ಇದೆ ಸಾರ್."

"ನನಗ ಕಾಲು ಎರಡೇ ಅದಾವ," ಅಂದ ವೀರೇಶ. "ಹಾಡಿನ ನಡುವ ಬಗ್ಗಿ ಓದ್ಕಂತ ಕುಂದ್ರಾಕ ಆಗಂಗಿಲ್ರಿ. ಬಿಡಿ ಬಿಡಿ ತೋರಿಸ್ರಿ."

ಆಮೇಲೆ ಸ್ಟೂಲೆಳೆದು ಹೇಮಾವತಿಯನ್ನು ಅಂಗಡಿಯ ಕೊನೆಯ ಮೂಲೆಯಲ್ಲಿ ಕೂರಿಸಿದ. ಬಾರಿಸುವವನಿಗೆ ತನ್ನ ದನಿ ಗೊತ್ತಾಗುವುದಿಲ್ಲ, ಹಿಂದಿನ ಸಾಲಿನಲ್ಲಿ ಕೂತವರಿಗೇ ಗೊತ್ತು ಅನ್ನುವುದು ಅವನ ವಾದ. ಅವಳು ಕಣ್ಣು ಮುಚ್ಚಿ ಕೇಳಿದಳು.

"ಕಲ್ಯಾಣ ಮಂಟಪದಾಗ ಈ ಬಿಳೀದು ಒತ್ತಬ್ಯಾಡ. ಅಲ್ಲಿ ಗೋಡಿನೇ ಹತ್ತು ಸಲ ತಿರುಗಿ ಹೇಳ್ತಾವ. ಬಯಲಾಗ ಒತ್ತು."

ಚಹಾ ಕುಡಿಯುತ್ತಿದ್ದ ಅಂಗಡಿಯವನು ಲೋಟ ಕೆಳಗಿಟ್ಟ. ಕಿತ್ತಳೆಯದನ್ನು ಒತ್ತಿದಾಗ ಅವಳು ಕಣ್ಣು ತೆರೆದಳು.

"ಇದು ಬೇಕೇ ಬೇಕು."

"ಯಾಕ?"

"ಜಗಳಕ್ಕ ನಿಂತಂಗ ಐತಿ."

ಜಗಳ ತರುವುದಕ್ಕೆ ಅದು ವರ್ಷವನ್ನೂ ತೆಗೆದುಕೊಳ್ಳಲಿಲ್ಲ. ಕೊಟ್ರಬಸಪ್ಪನ ಮಗಳ ಮದುವೆಯಲ್ಲಿ, "ಬೀಗರು ಕುಂತಾರ, ಅದೊಂದು ಒತ್ತಬ್ಯಾಡಪ್ಪ" ಎಂದು ಅಣ್ಣ ಬಾಯಿಬಿಟ್ಟು ಹೇಳಿದ್ದ. ಹಾಡು ಅದನ್ನೇ ಬೇಡಿದ್ದಕ್ಕೆ ತಮ್ಮ ಒತ್ತಿದ. ಬೀಗರು ಊಟ ಬಿಟ್ಟು ಎದ್ದರು. ಆವತ್ತಿನಿಂದ ಅಣ್ಣತಮ್ಮಂದಿರಿಗೆ ಮಾತಿರಲಿಲ್ಲ.

*

"ಕಾವ್ಯಾ ಟ್ರ್ಯಾಕ್ಟರ್ ಮ್ಯಾಲ ನಿಂತು ಬಾರಿಸ್ತಾಳ," ಅಂದಳು ಹೇಮಾವತಿ. "ಕುಣಿ ಮುಟ್ಟಾತನ. ಬಾರಿಸೋ ಸಾಮಾನನ್ನ ಯಾರು ಮಣ್ಣಿಗೆ ಹಾಕ್ತೀರಿ, ನಾನೂ ನೋಡ್ತೀನಿ."

ಹೆಂಗಸರಲ್ಲಿ ಗುಸುಗುಸು ಎದ್ದಿತು. ಅವಳು ಅತ್ತ ತಿರುಗಲಿಲ್ಲ. ಹಲಗೆಯ ಮುಂದೆ ಕೂತು ಪೆಡಲುಗಳ ಅಡಿಯಿಂದ ಚೌಕದ ಬ್ಯಾಟರಿಗಳನ್ನು ತೆಗೆದಳು. ಜನರೇಟರಿನ ಗುಂಯ್ ಸದ್ದು ಸೇರಬಾರದೆಂದು ವೀರೇಶ ಪೆಡಲುಗಳಿಗೆ ಬ್ಯಾಟರಿಯನ್ನೇ ಹಾಕುತ್ತಿದ್ದ. ಪ್ರತಿ ಪ್ರೋಗ್ರಾಮಿಗೆ ಮುಂಚೆ ಅವನ್ನು ನಾಲಿಗೆಗೆ ಮುಟ್ಟಿಸಿ ನೋಡುವುದು ಅವಳ ಕೆಲಸ. ಚುಳ್ಳೆಂದರೆ ಜೀವ ಇದೆ ಎಂದರ್ಥ. ಹೆಣದ ಮುಂದೆ ಕೂತು ಬ್ಯಾಟರಿ ನೆಕ್ಕುವ ಹೆಂಡತಿಯನ್ನು ಆ ಓಣಿ ಅದುವರೆಗೆ ಕಂಡಿರಲಿಲ್ಲ.

ಮೂರೂ ಸಪ್ಪೆ.

ಆಗ ಅವಳಿಗೆ ನೆನಪಾಯಿತು. ಗಿಟಾರಿನ ವೈರು ಚುಚ್ಚಿಯೇ ಇದ್ದರೆ ಪೆಡಲು ಒತ್ತದಿದ್ದರೂ ಬ್ಯಾಟರಿ ತಿನ್ನುತ್ತಲೇ ಇರುತ್ತದೆ. ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ವೀರೇಶ ವೈರು ಕೀಳುತ್ತಿದ್ದ. ಮೊನ್ನೆ ಸಂಡೂರಿನ ಪ್ರೋಗ್ರಾಮಿನಲ್ಲಿ ಎದೆ ಹಿಡಿದುಕೊಂಡು ಕೂತವನನ್ನು ಆಸ್ಪತ್ರೆಗೆ ಒಯ್ಯುವ ಗಡಿಬಿಡಿಯಲ್ಲಿ ಅದು ಯಾರ ತಲೆಗೂ ಹೊಳೆದಿರಲಿಲ್ಲ. ವೈರು ಇನ್ನೂ ಪೆಡಲಿಗೆ ಚುಚ್ಚಿಕೊಂಡೇ ಇತ್ತು. ಅದನ್ನು ನೋಡಿದಾಗ ಗಂಡ ಸತ್ತದ್ದು ಅವಳಿಗೆ ನಿಜವಾಗಿ ತಟ್ಟಿತು. ಮುಂಜಾನೆಯಿಂದ ಬರದ ಅಳು ಒಮ್ಮೆಗೇ ಬಂತು. ಸೆರಗು ಬಾಯಿಗೊತ್ತಿಕೊಂಡು ಅತ್ತಳು.

"ನಾನರ ಕೀಳಬೇಕಿತ್ತು," ಅಂದ ಪಾಲಯ್ಯ. ಆರ್ಕೆಸ್ಟ್ರಾದ ಡ್ರಮ್ಮಿನವನು. "ತಡಿ ಅಕ್ಕ, ತರ್ತೀನಿ" ಎಂದು ಓಡಿದ. ಹೋದಷ್ಟೇ ಜಲ್ದಿ ಬರಿಗೈಲಿ ಬಂದ. ಹೆಣ ದಾಟುವ ತನಕ ಓಣಿಯ ಅಂಗಡಿಗಳೆಲ್ಲ ಬಾಗಿಲು ಹಾಕುವುದು ರೂಢಿ. ವೀರೇಶನ ಮರ್ಯಾದೆಗೆ ಪೇಟೆಯ ತನಕ ಎಲ್ಲರೂ ಹಾಕಿದ್ದರು.

"ಇಷ್ಟೇ ಇತ್ತು ಅನ್ಕೊ, ತಂಗಿ," ಅಂದ ಕೊಟ್ರಬಸಪ್ಪ. "ಅಯ್ಯನೋರು ಕಾಯಾಕ ಹತ್ಯಾರ. ಏಳು."

ಅಷ್ಟರಲ್ಲಿ ಭಜನೆಯ ಮೂಕಣ್ಣಜ್ಜ ತಾಳ ಕೆಳಗಿಟ್ಟು, ಕೈಲಿದ್ದ ವೈರಿಲ್ಲದ ಮೈಕಿನ ಬುಡ ತಿರುವಿದ. ಒಳಗಿಂದ ಚೌಕದ ಬ್ಯಾಟರಿಯೊಂದನ್ನು ತೆಗೆದು ಚಾಚಿದ.

"ಇದು ಆಗತೈತೇನು ನೋಡವ್ವ."

ಹೇಮಾವತಿ ನಾಲಿಗೆಗೆ ಮುಟ್ಟಿಸಿದಳು. ಚುಳ್ಳೆಂದಿತು.

"ನಿಮಗ ಮೈಕು, ಅಜ್ಜಾರ?"

"ನಲವತ್ತು ವರ್ಷ ಮೈಕಿಲ್ಲದಂಗ ಹಾಡೀನಿ." ಆಮೇಲೆ ಕಾವ್ಯಳನ್ನು ಕೇಳಿದ, "ಶ್ರುತಿ ಯಾವುದು ನಿಂದು? ಹಾರ್ಮೋನಿಯಂನಾಗ ಕಪ್ಪು ಒಂದೇನು?"

"ಕಪ್ಪು ಎರಡು, ಅಜ್ಜ." ಹುಡುಗಿಯ ದನಿ ಅವತ್ತು ಕೇಳಿದ್ದು ಅದೇ ಮೊದಲು.

"ಆತು. ನಾವೂ ಅದಕ್ಕ ಹೊಂದಿಸ್ಕಂತೀವಿ."

ಬ್ಯಾಟರಿ ಒಂದೇ. ಪೆಡಲು ಮೂರು.

"ಬಯಲು ಐತಿ, ಅಕ್ಕ, ಬಿಳೀದಕ್ಕ ಹಾಕು," ಅಂದ ಪಾಲಯ್ಯ. "ಭಜನಿಗೂ ಮಸ್ತ್ ಕೂಡತೈತಿ." ಅವಳದೇ ಲೆಕ್ಕದ ಪ್ರಕಾರ ಅದು ಸರಿಯೇ. ಬಿಳಿಯದಾಗಿದ್ದರೆ ಯಾರಿಗೂ ನೋವಿರಲಿಲ್ಲ. ಎಲ್ಲರೂ ಒಪ್ಪಿ, ಮರುದಿನ ಮರೆತೂ ಬಿಡುತ್ತಿದ್ದರು.

ಹೇಮಾವತಿ ನೀಲಿಯದನ್ನೂ ಬಿಳಿಯದನ್ನೂ ಬಿಚ್ಚಿ ಪಕ್ಕಕ್ಕಿಟ್ಟಳು. ಬ್ಯಾಟರಿಯನ್ನು ಕಿತ್ತಳೆಯದಕ್ಕೆ ಹಾಕಿ ಮುಚ್ಚಳ ಒತ್ತಿದಳು.

"ಅದೊಂದು ಬ್ಯಾಡ, ತಂಗಿ," ಅಂದ ಕೊಟ್ರಬಸಪ್ಪ.

"ಅದೊಂದೇ, ಭಾವಾರ."

ಟ್ರ್ಯಾಕ್ಟರಿನ ಮೇಲೆ ಭಜನೆಯವರ ಆಂಪ್ಲಿಫೈಯರಿಗೇ ವೈರು ಚುಚ್ಚಿದರು. ಹೆಂಗಸರು ಕುಣಿಯ ತನಕ ಬರಬಾರದು ಎಂದು ಯಾರೋ ಅಂದರು. ಹೇಮಾವತಿ ಅದಾಗಲೇ ಹತ್ತಿ ವಿಮಾನದ ಪಕ್ಕ ಕೂತಿದ್ದಳು. ಕಾವ್ಯ ಅಪ್ಪನ ಮುಂದೆ ನಿಂತು, ಭಜನೆಯ ಮೊದಲ ಸಾಲು ಮುಗಿಯುವ ತನಕ ಕಾದು, ಬರಿಗಾಲಲ್ಲಿ ಪೆಡಲು ಒತ್ತಿದಳು. ಹಾರ್ನ್ ಸ್ಪೀಕರಿನಿಂದ ಹೊರಟ ದನಿಗೆ ಓಣಿಯ ನಾಯಿಗಳು ಚದುರಿದವು. ಮೂಕಣ್ಣಜ್ಜ ಎರಡನೆಯ ಸಾಲನ್ನು ಇನ್ನೂ ಏರಿಸಿ ಹಿಡಿದ. ದಾರಿ ಬಿಡದೆ ನಿಂತಿದ್ದ ಅದಿರಿನ ಲಾರಿಗಳ ಡ್ರೈವರುಗಳು ಇಂಜಿನ್ ಆರಿಸಿ ಕೆಳಗಿಳಿದರು. ಕೇಳಿದವರ ಪಾಲಿಗೆ ಕಾವ್ಯ ಎಲ್ಲೂ ತಪ್ಪಲಿಲ್ಲ. ಒಮ್ಮೆ ತಪ್ಪಿದಳು, ಅದು ಹೇಮಾವತಿಗೊಬ್ಬಳಿಗೇ ಗೊತ್ತಾಯಿತು.

ಕುಣಿಯಲ್ಲಿ ವೀರೇಶನನ್ನು ಕೂರಿಸಿ, ಸುತ್ತ ವಿಭೂತಿ ಗಟ್ಟಿ ಇಟ್ಟದ್ದಾಯಿತು. ಆದರೂ ಅವನ ಬಲಗಡೆ ಜಾಗ ಉಳಿದಿತ್ತು. ಹಲಗೆಗೂ ಗಿಟಾರಿಗೂ ಎಂದು ಕೊಟ್ರಬಸಪ್ಪ ಮುಂಜಾನೆಯೇ ಒಂದು ಮೊಳ ಹೆಚ್ಚು ತೋಡಿಸಿದ್ದ.

"ಈ ಜಾಗಾ ಏನು ಮಾಡಾಣ್ರಿ?" ಎಂದು ಕುಣಿ ತೋಡಿದವನು ಕೇಳಿದ. ಸ್ಪೀಕರಿನ ಸದ್ದಿನಲ್ಲಿ ಎರಡು ಸಲ ಕೂಗಿ ಕೇಳಬೇಕಾಯಿತು.

ಕೊಟ್ರಬಸಪ್ಪ ಅಂಗಿ ಬಿಚ್ಚಿ ಹಮಾಲನ ಕೈಗೆ ಕೊಟ್ಟು, ಪುಟ್ಟಿ ಇಸಕೊಂಡು, ತಮ್ಮನ ಪಕ್ಕದ ಆ ಖಾಲಿ ಜಾಗಕ್ಕೆ ತಾನೇ ಮಣ್ಣು ಹಾಕತೊಡಗಿದ.